ಬಾಯಿ ಸಿಹಿ

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನುವ ಹಾಗಿಲ್ಲ. ‘ಹೋಗಿ ಬರ್ತೀನಿ’ ಎನ್ನಬೇಕು. ಅಪ್ಪಿತಪ್ಪಿ ಯಾರಾದರೂ ಬರೀ ‘ಹೋಗ್ತೀನಿ’ ಎಂದುಬಿಟ್ಟರೆ ಒಳಗಿನಿಂದ ಹಿರಿಯರೊಬ್ಬರು ‘ಬಿಡ್ತು ಅನ್ನು’ ಎಂದು ಗದರಿಸಿಯೇ ತೀರುತ್ತಾರೆ. ಇದು ನಿಮ್ಮ ಮನೆಯಲ್ಲೂ ಇರುವ ಮಾತೇ. ಅದರ ಜೊತೆಗೆ ಇನ್ನೊಂದಿದೆ: ಹೊರಡುವವರ ಬಾಯಿ ಸಿಹಿ ಮಾಡಿ ಕಳಿಸುವುದು. ಉಳ್ಳವರ ಮನೆಯಲ್ಲಿ ಮೊಸರು-ಸಕ್ಕರೆ, ಇಲ್ಲದವರ ಮನೆಯಲ್ಲಿ ಬೆಲ್ಲದ ಚೂರು. ಮೂವತ್ತು ವರ್ಷಗಳ ಹತ್ತಿರ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿರುವ ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೊದಲ ದಿನ ಯಾವ ಹುಡುಗ ಮೊಸರು-ಸಕ್ಕರೆ ತಿಂದು ಬಂದಿದ್ದಾನೆ ಎಂಬುದು ಹಾಲ್ ಟಿಕೆಟ್ ನೋಡುವಾಗಲೇ ತಿಳಿಯುತ್ತದೆ. ತುಟಿಯ ಮೂಲೆಯಲ್ಲಿ ಬೆಳ್ಳಗೆ ಒಣಗಿರುತ್ತದೆ. ಒರೆಸಿಕೋ ಎಂದು ನಾನು ಹೇಳುವುದಿಲ್ಲ. ಅವರ ಅವ್ವ ಹಚ್ಚಿ ಕಳಿಸಿದ್ದು, ಪರೀಕ್ಷೆ ಮುಗಿಯುವ ತನಕ ಇರಲಿ.

ಈ ಶಾಸ್ತ್ರವನ್ನು ನಾನು ಮದುವೆಯಾಗಿ ಬರುವ ತನಕ ಒಂದು ಚಂದದ ರೂಢಿ ಎಂದಷ್ಟೇ ತಿಳಿದಿದ್ದೆ. ನಮ್ಮ ಅತ್ತೆಯವರಿಗೆ ಮಾತ್ರ ಅದು ಚಂದದ ಮಾತಾಗಿರಲಿಲ್ಲ.

ನಮ್ಮದು ಜಟಿಂಗ ರಾಮೇಶ್ವರ ಬೆಟ್ಟದ ಸೀಮೆ. ಮೊಳಕಾಲ್ಮೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆಯ ತುತ್ತ ತುದಿ. ಇನ್ನು ಸ್ವಲ್ಪ ಆಚೆಗೆ ಹೋದರೆ ರಾಯದುರ್ಗ, ಆಂಧ್ರ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಕಪ್ಪು ಗುಂಡುಗಳ ಬೆಟ್ಟ, ಮಳೆ ಬಂದರೆ ಶೇಂಗಾ, ಬರದಿದ್ದರೆ ಮತ್ತೊಂದು ವರ್ಷ ಕಾಯುವುದು. ಹೊರಗಿನವರಿಗೆ ಮೊಳಕಾಲ್ಮೂರು ಎಂದರೆ ರೇಷ್ಮೆ ಸೀರೆ, ಚಳ್ಳಕೆರೆ ಎಂದರೆ ಶೇಂಗಾ ಎಣ್ಣೆಯ ಗಿರಣಿಗಳು. ನಮಗೆ ಮಾತ್ರ ಈ ಊರುಗಳ ಹೆಸರೆತ್ತಿದರೆ ಮೊದಲು ನೆನಪಾಗುವುದು ಬರ. 1972-73ರ ಬರಗಾಲದಲ್ಲಿ ನಮ್ಮವರ ಅಣ್ಣ, ಅಂದರೆ ಅತ್ತೆಯವರ ಹಿರೀಮಗ, ಹದಿನೆಂಟು ತುಂಬುವ ಮೊದಲೇ ಬೊಂಬಾಯಿಗೆ ಹೊರಟುಹೋದರು. ಅಂದು ಮನೆಯಲ್ಲಿ ಬೆಲ್ಲದ ಚೂರೂ ಇರಲಿಲ್ಲ. ನೆರೆಮನೆಗೆ ಕೇಳಲು ಹೋದರೆ ಅಲ್ಲೂ ಇರಲಿಲ್ಲ. ಸಜ್ಜೆ ರೊಟ್ಟಿ, ಹಸಿಮೆಣಸಿನಕಾಯಿ ಖಾರ ಕಟ್ಟಿಕೊಟ್ಟರಂತೆ. ಹುಡುಗ ಅದನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದ. ನಾಲ್ಕೈದು ವರ್ಷ ಕಾಗದ ಬಂತು, ಎರಡು ಸಲ ಮನಿಯಾರ್ಡರೂ ಬಂತು. ಆಮೇಲೆ ಏನೂ ಬರಲಿಲ್ಲ. ಹುಡುಕಲು ಹೋದವರು ಬರಿಗೈಲಿ ವಾಪಸಾದರು.

‘ಖಾರ ಕೊಟ್ಟು ಕಳಿಸಿದೆ ಕಣವ್ವ, ಬಾಯಿ ಸೀ ಮಾಡಲಿಲ್ಲ’ ಎಂದು ಅತ್ತೆ ನನಗೆ ಒಂದೇ ಒಂದು ಸಲ ಹೇಳಿದ್ದು, ನಾನು ಬಂದ ಹೊಸದರಲ್ಲಿ. ನಾನೋ ಬಿ.ಎ., ಬಿ.ಇಡಿ. ಓದಿದವಳು. ಮಗ ಬರದಿರುವುದಕ್ಕೂ ಬೆಲ್ಲಕ್ಕೂ ಏನು ಸಂಬಂಧ ಎಂದು ಸಮಾಧಾನ ಹೇಳಬಹುದಿತ್ತು. ಬಾಯಿ ಬರಲಿಲ್ಲ. ಅಂದಿನಿಂದ ನಾನು ಶಾಲೆಗೆ ಹೊರಡುವಾಗಲೂ ಅವರು ಕೈಗೆ ಒಂದು ಚೂರು ಬೆಲ್ಲ ಇಡುತ್ತಿದ್ದರು. ನಾಲ್ಕು ಮೈಲಿ ದೂರದ ಶಾಲೆ, ಸಂಜೆ ಐದಕ್ಕೆ ಮನೆಗೆ ಬರುವವಳು! ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು, ಭಾನುವಾರ ಬಾಯಿ ಬಿಕೋ ಎನ್ನುತ್ತಿತ್ತು.

ನಮ್ಮ ಮಗಳು ನರ್ಸಿಂಗ್ ಓದಿ ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದಳು. ಜೊತೆಗೆ ಜರ್ಮನ್ ಭಾಷೆ ಕಲಿತಳು. ಆ ದೇಶಕ್ಕೆ ದಾದಿಯರು ಬೇಕು, ಆದರೆ ರೋಗಿ ‘ಎದೆ ನೋವು’ ಎಂದರೆ ತಿಳಿಯುವಷ್ಟು ಭಾಷೆ ಬರಬೇಕು. ಅದಕ್ಕೆ ಹಂತಹಂತದ ಪರೀಕ್ಷೆಗಳಿವೆ. ರಾತ್ರಿ ಪಾಳಿ ಮುಗಿಸಿ ಬಂದು ಓದಿ ಅವಳು ಬಿ-2 ಎಂಬ ಹಂತವನ್ನು ಪಾಸು ಮಾಡಿದಳು. 2019ರ ಮೇ ತಿಂಗಳಲ್ಲಿ ವೀಸಾ ಬಂತು. ನಮ್ಮವರಿಗೆ ಒಳಗೊಳಗೇ ಅಳುಕು, ನನಗೆ ಹೆಮ್ಮೆ ಮತ್ತು ಅಳುಕು. ಎಂಬತ್ತನಾಲ್ಕರ ಅತ್ತೆಯವರು ಮಾತ್ರ ಏನೂ ಹೇಳಲಿಲ್ಲ. ಸುಮ್ಮನೆ ಶೇಂಗಾ ಹುರಿಯಲು ಕೂತರು.

ಶೇಂಗಾ ಉಂಡೆ, ಶೇಂಗಾ ಹೋಳಿಗೆ, ಶೇಂಗಾ ಚಟ್ನಿಪುಡಿ. ಒಂದು ಡಬ್ಬಿಯ ತುಂಬ ಕೊಬ್ಬರಿ ಬೆಲ್ಲ. ಬೆಂಗಳೂರಿನಲ್ಲಿ ಓದುವ ನನ್ನ ತಮ್ಮನ ಮಗ ಫೋನಿನಲ್ಲಿ ‘ಅತ್ತೆ, ಕೊಬ್ಬರಿ ಮಾತ್ರ ಬೇಡ. ವಿಮಾನಕ್ಕೆ ಬಿಡಲ್ಲ’ ಎಂದ. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು, ಒತ್ತಾಗಿ ತುಂಬಿಟ್ಟರೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು, ಅದಕ್ಕೇ ವಿಮಾನದವರು ಅದನ್ನು ಅಪಾಯದ ಸಾಮಾನಿನ ಪಟ್ಟಿಗೆ ಸೇರಿಸಿದ್ದಾರೆ ಎಂದು ವಿವರಿಸಿದ. ನಾನು ಅದನ್ನೇ ಅತ್ತೆಗೆ ಹೇಳಿದೆ.

‘ನಮ್ಮ ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿರ್ತದೆ. ಯಾವತ್ತಾದ್ರೂ ಉರೀತಾ?’

ಉರಿದಿರಲಿಲ್ಲ. ಆದರೂ ಕೊಬ್ಬರಿ ಡಬ್ಬಿಯಿಂದ ಆಚೆ ಬಂತು. ಆ ಜಾಗಕ್ಕೆ ಉತ್ತುತ್ತೆ ಸೇರಿತು.

ಹೊರಡುವ ಮೊದಲಿನ ದಿನ ಮಗಳು ಬೆಟ್ಟ ಹತ್ತಿ ಬರುತ್ತೇನೆ ಎಂದಳು. ನಾನೂ ಹೊರಟೆ. ಜಟಿಂಗ ರಾಮೇಶ್ವರವೆಂದರೆ ಜಟಾಯು ಬಿದ್ದ ಬೆಟ್ಟ ಎಂದು ನಮ್ಮವರ ನಂಬಿಕೆ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ಅಡ್ಡಗಟ್ಟಿ ರೆಕ್ಕೆ ಕತ್ತರಿಸಿಕೊಂಡು ಆ ಮುದಿ ಹದ್ದು ಉರುಳಿದ್ದು ಇಲ್ಲೇ, ರಾಮ ಬಂದು ಸಂಸ್ಕಾರ ಮಾಡಿ ಲಿಂಗ ಇಟ್ಟದ್ದೂ ಇಲ್ಲೇ. ವಿಮಾನ ಹತ್ತುವವಳು ಹಿಂದಿನ ದಿನ ರೆಕ್ಕೆ ಮುರಿದು ಬಿದ್ದವನ ಗುಡ್ಡಕ್ಕೆ ಹೋಗಬಾರದು ಎಂದು ಪಕ್ಕದ ಮನೆಯ ಅಕ್ಕ ಹೇಳಿದರು. ಅತ್ತೆ ಅದಕ್ಕೆ ‘ಹೆಣ್ಣುಮಗಳ ಸಲುವಾಗಿ ಬಿದ್ದವನು ಹೆಣ್ಣುಮಗಳನ್ನ ಬೀಳಿಸ್ತಾನಾ?’ ಎಂದು ಅವರ ಬಾಯಿ ಮುಚ್ಚಿಸಿದರು.

ಶಾಲೆಯ ಮಕ್ಕಳನ್ನು ಕರೆದುಕೊಂಡು ನಾನು ಆ ಬೆಟ್ಟವನ್ನು ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ಸಮಾಜ ವಿಜ್ಞಾನದ ಮೇಷ್ಟರಿಗೆ, ಮೇಡಂಗೆ ಇಂಥ ಊರು ಸಿಗುವುದು ಪುಣ್ಯ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕ ಚಕ್ರವರ್ತಿಯ ಬಂಡೆಯ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಇಂಗ್ಲಿಷರು ಬ್ರಹ್ಮಗಿರಿಯ ಬುಡದಲ್ಲಿ ಅಗೆದು ನೋಡಿದ್ದೂ ಚರಿತ್ರೆಯ ಪುಸ್ತಕಗಳಲ್ಲಿದೆ. ಜಟಿಂಗ ರಾಮೇಶ್ವರದ ಶಾಸನ ಇರುವ ಬಂಡೆಗೆ ಜನ ಇಟ್ಟ ಹೆಸರು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅಲ್ಲೇ ಬಳೆ ಹರವಿಕೊಂಡು ಕೂರುತ್ತಿದ್ದರಂತೆ. ಚಕ್ರವರ್ತಿಯ ಅಕ್ಷರದ ಪಕ್ಕದಲ್ಲಿ ನಮ್ಮ ಅಜ್ಜಿ ಮುತ್ತಜ್ಜಿಯರು ಕೈ ಒತ್ತಿಸಿಕೊಂಡು ಬಳೆ ಇಡಿಸಿಕೊಂಡಿದ್ದಾರೆ. ಮೂರು ಶಾಸನಗಳಲ್ಲಿ ಹೆಚ್ಚು ಸವೆದಿರುವುದೂ ಇದೇ. ತಂದೆತಾಯಿಯ ಮಾತು ಕೇಳು, ಜೀವಿಗಳಲ್ಲಿ ದಯೆಯಿಡು, ನಿಜ ನುಡಿ, ಗುರುವನ್ನು ಗೌರವಿಸು, ನೆಂಟರಲ್ಲಿ ಸರಿಯಾಗಿ ನಡೆದುಕೋ ಎಂಬುದು ಅವುಗಳ ಸಾರ. ಗುರುವಿನ ಸಾಲು ಬಂದಾಗ ಮಕ್ಕಳು ನನ್ನ ಮುಖ ನೋಡಿ ಮುಸಿಮುಸಿ ನಗುತ್ತಾರೆ.

ನನಗೆ ಅದರಲ್ಲಿ ಬಹಳ ಇಷ್ಟವಾದದ್ದು ಕೊನೆಯ ಒಂದು ಪದ. ಶಾಸನವನ್ನು ಬರೆದವನು ಚಪಡ ಎಂಬ ಲಿಪಿಕಾರ. ಉಳಿದದ್ದನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರ’ ಎಂಬ ತನ್ನ ಕಸುಬಿನ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ. ದೂರದ ಗಾಂಧಾರದ ಕಡೆ ನಡೆಯುತ್ತಿದ್ದುದು, ನಮ್ಮ ಕಡೆ ಯಾರಿಗೂ ಓದಲು ಬಾರದ್ದು. ಆದ್ದರಿಂದ ಚಪಡ ಆ ಕಡೆ ಇದ್ದು ಬಂದವನಿರಬೇಕು ಎನ್ನುತ್ತಾರೆ ತಿಳಿದವರು. ಹೊಟ್ಟೆಪಾಡಿಗೆ ಸಾವಿರಾರು ಮೈಲಿ ಬಂದವನು, ನಮ್ಮ ಈ ಬಿರುಬಿಸಿಲಿನ ಬಂಡೆಯ ಮೇಲೆ ಕೂತು, ಯಾರೂ ಓದುವುದಿಲ್ಲ ಎಂದು ಗೊತ್ತಿದ್ದೂ ಒಂದು ಪದವನ್ನು ಆ ಲಿಪಿಯಲ್ಲಿ ಕೆತ್ತಿಸಿದ್ದಾನೆ. ಮಕ್ಕಳಿಗೆ ಈ ವಿಷಯ ಹೇಳುವಾಗ ಮೊದಲೆಲ್ಲ ‘ಇದು ಪರೀಕ್ಷೆಗೆ ಬರುವುದಿಲ್ಲ’ ಎಂದು ಸೇರಿಸುತ್ತಿದ್ದೆ. ಆ ದಿನ ಮಗಳಿಗೆ ಹೇಳಿದಾಗ ಅವಳು ಬಂಡೆಯನ್ನು ಸುಮ್ಮನೆ ನೋಡುತ್ತಾ ನಿಂತಳು. ‘ಅವನು ಊರಿಗೆ ವಾಪಸ್ ಹೋದನಾ ಅಮ್ಮಾ?’ ಎಂದಳು. ಶಾಸನದಲ್ಲಿ ಅದಿಲ್ಲ ಎಂದೆ.

ಮರುದಿನ ಅತ್ತೆ ತಾವೂ ಬರುವುದಾಗಿ ಹಟ ಹಿಡಿದರು. ನಾವು ಯಾರೂ ಇದನ್ನು ಎಣಿಸಿರಲಿಲ್ಲ. ಚಳ್ಳಕೆರೆಯ ಆಸ್ಪತ್ರೆಗೆ ಬಿಟ್ಟರೆ ಎಲ್ಲಿಗೂ ಬಾರದವರು. ಮನೆಯಲ್ಲೇ ಮೊಸರು-ಸಕ್ಕರೆ ಕೊಟ್ಟು ಕಳಿಸಿ ಎಂದು ನಮ್ಮವರು ಬೇಡಿಕೊಂಡರು.

‘ಈ ಹೊಸ್ತಿಲು ಯಾವ ಲೆಕ್ಕ? ದಾರೀಲಿ ನಾಕು ಕಡೆ ಇಳೀತೀರಿ, ಏನೇನೋ ತಿಂತೀರಿ. ಯಾವ ಹೊಸ್ತಿಲು ದಾಟಿದ್ರೆ ಮತ್ತೆ ಕಾಣಲ್ವೋ ಆ ಹೊಸ್ತಿಲಾಗೆ ಬಾಯಿ ಸೀ ಮಾಡ್ಬೇಕು.’

ಇದಕ್ಕೆ ಉತ್ತರ ಕೊಡುವುದು ಹೇಗೆ? ಸ್ಟೀಲಿನ ಡಬ್ಬಿಯಲ್ಲಿ ಕೆನೆಮೊಸರು, ಮೇಲೆ ಸಕ್ಕರೆ, ಅದರ ಮೇಲೆ ಒದ್ದೆ ಬಟ್ಟೆ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತೆ ಬಾಡಿಗೆ ಕಾರಿನಲ್ಲಿ ಕೂತರು. ಇನ್ನೂ ಚಳ್ಳಕೆರೆ ದಾಟಿರಲಿಲ್ಲ, ಕಾರಿನ ಹುಡುಗ ‘ಅಜ್ಜಿ, ವಿಮಾನ ನೋಡಿದೀರಾ?’ ಎಂದು ಕೇಳಿದ. ‘ಆಳಿಲ್ಲದ್ದು ಹಾರೋದು ಕೇಳಿದೀನಪ್ಪ. ಆಳಿರೋದನ್ನ ಇವತ್ತು ನೋಡ್ಬೇಕು’ ಎಂದರು. ಅದೂ ಸುಳ್ಳಲ್ಲ. ಚಳ್ಳಕೆರೆಯ ಬಯಲಿನಲ್ಲಿ ರಕ್ಷಣಾ ಇಲಾಖೆಯವರು ಮಾಡಿದ ಪರೀಕ್ಷಾ ನೆಲೆಯಿಂದ 2016ರ ನವೆಂಬರಿನಲ್ಲಿ ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಮೊದಲ ಸಲ ಹಾರಿತ್ತು, ಆ ಸುದ್ದಿ ನಮ್ಮ ಜಗಲಿಗಳಲ್ಲಿ ಬಹಳ ದಿನ ಓಡಾಡಿತ್ತು.

ಹಿರಿಯೂರು, ಶಿರಾ, ದಾಬಸ್‌ಪೇಟೆ, ದೊಡ್ಡಬಳ್ಳಾಪುರ. ಮೇ ತಿಂಗಳ ಬಿಸಿಲು. ದಾಬಸ್‌ಪೇಟೆಯ ಹತ್ತಿರ ಮುಂದಿನ ಲಾರಿ ತಟ್ಟನೆ ನಿಂತಿತು. ನಮ್ಮ ಹುಡುಗ ಬ್ರೇಕು ಒತ್ತಿದ ಭರಕ್ಕೆ ಡಬ್ಬಿಯ ಮುಚ್ಚಳ ಹಾರಿ ಮೊಸರೆಲ್ಲ ಅತ್ತೆಯ ಸೀರೆಯ ಮೇಲೆ. ಅದು ಆಗಲೇ ಹುಳಿಯಾಗಿತ್ತು, ಕಾರಿನ ತುಂಬ ವಾಸನೆ. ಅತ್ತೆ ಬೈಯಲಿಲ್ಲ, ಅಳಲಿಲ್ಲ. ಖಾಲಿ ಡಬ್ಬಿಯನ್ನೇ ಹಿಡಿದು ಕೂತುಬಿಟ್ಟರು. ಉಂಡೆ ಹೋಳಿಗೆ ಇದ್ದವಲ್ಲ ಎನ್ನುತ್ತೀರಿ. ಅವೆಲ್ಲ ಇಪ್ಪತ್ತಮೂರು ಕೆಜಿ ತೂಕ ಮಾಡಿ, ಹಗ್ಗ ಬಿಗಿದು, ಮಗಳ ಪೆಟ್ಟಿಗೆಯ ತಳ ಸೇರಿದ್ದವು. ಮೇಲೆ ಮೊಳಕಾಲ್ಮೂರು ಸೀರೆ, ಸ್ವೆಟರು, ಸರ್ಟಿಫಿಕೇಟುಗಳ ಫೈಲು.

ದೇವನಹಳ್ಳಿಯ ವಿಮಾನ ನಿಲ್ದಾಣ ಮುಟ್ಟಿದಾಗ ರಾತ್ರಿ ಹತ್ತು ಗಂಟೆ. 2008ರ ಮೇ ತಿಂಗಳಲ್ಲಿ ಶುರುವಾದದ್ದು, ಆಗ ಇನ್ನೂ ಒಂದೇ ಟರ್ಮಿನಲ್ಲು. ವಿಮಾನ ನಡುರಾತ್ರಿ ಕಳೆದ ಮೇಲೆ. ಟಿಕೆಟ್ಟು ಇಲ್ಲದವರನ್ನು ಒಳಗೆ ಬಿಡುವುದಿಲ್ಲ ಎಂಬುದು ನಮಗೆ ಗೊತ್ತಿತ್ತು. ಹೊರಗಿನ ಅಂಗಳದಲ್ಲೇ ಅರ್ಧ ಕರ್ನಾಟಕ ನೆರೆದಿತ್ತು. ತಳ್ಳುಗಾಡಿಯ ಮೇಲೆ ಪೆಟ್ಟಿಗೆಗಳು, ಪೆಟ್ಟಿಗೆಗಳ ಮೇಲೆ ನಿದ್ದೆ ಹೋದ ಮಕ್ಕಳು. ಗಲ್ಫಿಗೆ ಹೊರಟ ಗಂಡನ ತೋಳು ಬಿಡದ ಎಳೆಯ ಹೆಂಡತಿ. ಮಗನಿಗೆ ಪಾಸ್‌ಪೋರ್ಟು ಎಲ್ಲಿದೆ ಎಂದು ಐದು ನಿಮಿಷಕ್ಕೊಮ್ಮೆ ಕೇಳುವ ಅಪ್ಪ. ಮೊಳಕಾಲ್ಮೂರಿನ ಬಸ್‌ಸ್ಟಾಂಡಿನಲ್ಲಿ ಹಬ್ಬ ಮುಗಿಸಿ ಬೆಂಗಳೂರಿಗೆ ಹೊರಡುವವರನ್ನು ನೋಡಿ, ಇದೇ ಜನ, ಇದೇ ಮುಖ. ದೀಪ ಮಾತ್ರ ಇಲ್ಲಿ ಜಾಸ್ತಿ.

ಅಲ್ಲೇ ಕಾಫಿಯ ಅಂಗಡಿಯೊಂದಿತ್ತು. ಉದ್ದನೆಯ ಸಾಲು. ಅತ್ತೆ ನನ್ನ ಕೈ ಹಿಡಿದು ಆ ಬೋರ್ಡು ಏನು ಎಂದು ಕೇಳಿದರು. ‘ಹಟ್ಟಿ ಕಾಪಿ’ ಎಂದು ಓದಿದೆ.

‘ಯಾವ ಹಟ್ಟಿಯೋರು? ನಾಯಕನಹಟ್ಟಿಯೋ, ಗೊಲ್ಲರಹಟ್ಟಿಯೋ?’

ನಮ್ಮ ಕಡೆ ಊರೆಂದರೆ ಹಟ್ಟಿ. ಬೆಂಗಳೂರಿನವರೂ ಹಟ್ಟಿ ಎಂಬ ಹೆಸರಿಟ್ಟುಕೊಂಡು ಅಂಗಡಿ ನಡೆಸುತ್ತಾರೆ ಎಂಬುದು ಅವರಿಗೆ ಆ ಹೊತ್ತಿನಲ್ಲಿ ದೊಡ್ಡ ಸಮಾಧಾನ ಕೊಟ್ಟಿತು. ಮಗಳು ಹೋಗಿ ನಾಲ್ಕು ಕಾಫಿ ತಂದಳು, ತನ್ನ ದುಡ್ಡಿನಲ್ಲೇ. ಘಮಘಮ ಎನ್ನುವ ಡಿಕಾಕ್ಷನ್ ಕಾಫಿ, ಮೇಲೆ ನೊರೆ. ನಮ್ಮ ಬಯಲುಸೀಮೆಗೆ ಕಾಫಿ ಹಳೆಯದಲ್ಲ, ನಮ್ಮ ಅತ್ತೆಯ ತವರಿನಲ್ಲಿ ಕಾಫಿಪುಡಿ ಬರುತ್ತಿದ್ದುದು ಯಾರಿಗಾದರೂ ತಲೆನೋವು ಬಂದಾಗ, ಅದೂ ಬೆಲ್ಲದ ಕಾಫಿ. ಪಕ್ಕದ ಜಿಲ್ಲೆ ಚಿಕ್ಕಮಗಳೂರು. ಬಾಬಾಬುಡನ್ ಏಳು ಬೀಜ ತಂದು ನೆಟ್ಟ ಗಿರಿ ಇರುವುದು ಅಲ್ಲೇ, ದೇಶದ ಕಾಫಿಯಲ್ಲಿ ಹೆಚ್ಚು ಪಾಲು ಬೆಳೆಯುವುದೂ ನಮ್ಮ ರಾಜ್ಯದಲ್ಲೇ. ಆದರೆ ಮಳೆ ನಮ್ಮ ಕಡೆ ಬರುವಷ್ಟೇ ಅಪರೂಪಕ್ಕೆ ಕಾಫಿಯೂ ಬರುತ್ತಿತ್ತು. ಬೆಲೆ ಕೇಳಿ ಅತ್ತೆ ‘ನಮ್ಮೂರಾಗೆ ಇಷ್ಟು ದುಡ್ಡಿಗೆ ಮನೆಮಂದಿಯೆಲ್ಲ ಕುಡೀಬೋದು’ ಎಂದರು. ಅದು ನಿಜವೇ. ಆದರೆ ಆ ಅಂಗಳದಲ್ಲಿ ನಿಂತವರು ಕೊಂಡುಕೊಳ್ಳುವುದು ಕಾಫಿಯನ್ನಷ್ಟೇ ಅಲ್ಲ ಎಂದು ನನಗನ್ನಿಸುತ್ತದೆ. ಲೋಟ ಕೈಯಲ್ಲಿರುವ ತನಕ ಹೊರಡುವವರು ಹೊರಡುವಂತಿಲ್ಲವಲ್ಲ. ನಾನು ನನ್ನ ಜೀವನದಲ್ಲೇ ಅಷ್ಟು ನಿಧಾನವಾಗಿ ಕಾಫಿ ಕುಡಿದಿರಲಿಲ್ಲ.

ಮಗಳು ಅಜ್ಜಿಯ ಮುಂದೆ ಲೋಟ ಹಿಡಿದು, ‘ಅಜ್ಜಿ, ಇದರಲ್ಲಿ ಎರಡು ಚಮಚ ಸಕ್ಕರೆ ಜಾಸ್ತಿ ಹಾಕಿಸಿದೀನಿ. ಇದೇ ಬಾಯಿ ಸಿಹಿ ಅನ್ಕೋ’ ಎಂದಳು. ಅತ್ತೆ ತಲೆಯಾಡಿಸಿದರು.

‘ಕಾಪಿ ಕಹಿ ಕಣವ್ವ. ಸಕ್ರೆ ಹಾಕಿದ ಕಹಿ.’

ನಮ್ಮವರು ಅಷ್ಟು ಹೊತ್ತಿಗೆ ಅಂಗಳದ ಉದ್ದಕ್ಕೂ ಓಡಾಡಿ ಒಂದು ಅಂಗಡಿಯಿಂದ ಪೊಟ್ಟಣ ತಂದರು. ಮೈಸೂರು ಪಾಕು. ಬಣ್ಣದ ಡಬ್ಬಿ, ಮೇಲೆ ಅರಮನೆಯ ಚಿತ್ರ. ಅಲ್ಲಿ ಧಾರವಾಡ ಪೇಡ, ಬೆಳಗಾವಿ ಕುಂದ, ಗೋಕಾಕದ ಕರದಂಟು ಎಲ್ಲ ಇದ್ದವಂತೆ. ‘ಎಲ್ಲಾ ಊರಿಂದೂ ಐತೆ, ನಮ್ಮೂರಿಂದು ಮಾತ್ರ ಇಲ್ಲ’ ಎಂದು ಅವರು ಪೆಚ್ಚಾಗಿ ಹೇಳಿದರು. ನಿಜ ನೋಡಿ. ಧಾರವಾಡದ ಪೇಡವೂ ಉತ್ತರದ ಉನ್ನಾವೊದಿಂದ ವಲಸೆ ಬಂದ ಠಾಕೂರ್ ಮನೆತನದವರು ತಂದದ್ದು, ಇವತ್ತು ಅದು ಧಾರವಾಡದ್ದೇ. ಮೈಸೂರು ಪಾಕು ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪನವರ ಕೈಯದು ಎನ್ನುತ್ತಾರೆ. ಕಡಲೆಹಿಟ್ಟು, ಸಕ್ಕರೆ, ತುಪ್ಪ, ಇಷ್ಟೇ. ನಮ್ಮ ಸೀಮೆಯ ಶೇಂಗಾ ಎಲ್ಲ ಕಡೆಗೂ ಹೋಗುತ್ತದೆ, ಎಣ್ಣೆಯಾಗಿ. ಹೆಸರು ಹೇಳಿಕೊಂಡು ಹೋಗುವುದಿಲ್ಲ.

ಮಗಳ ಜೊತೆ ಹೊರಟಿದ್ದ ಇಬ್ಬರು ಹುಡುಗಿಯರು ಬಾಗಿಲ ಬಳಿ ಕೈಬೀಸಿ ಕರೆಯುತ್ತಿದ್ದರು. ಅವಳಿಗೆ ಅವಸರ, ಸ್ವಲ್ಪ ನಾಚಿಕೆಯೂ. ಮೊಸರಿನ ಕಲೆಯ ಸೀರೆ ಉಟ್ಟ ಅಜ್ಜಿ ಒಂದು ಕೈಯಲ್ಲಿ ಖಾಲಿ ಡಬ್ಬಿ, ಇನ್ನೊಂದರಲ್ಲಿ ಮೈಸೂರು ಪಾಕು ಹಿಡಿದು ಗಾಜಿನ ಬಾಗಿಲ ತನಕ ನಡೆದೇ ಬಂದರು. ಬಂದೂಕು ಹಿಡಿದ ಜವಾನ ಟಿಕೆಟ್ಟು ಕೇಳಿದ. ಉತ್ತರದ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಲಿತಿರಲಿಲ್ಲ. ಮಗಳು ತೋರಿಸಿದಳು. ಅತ್ತೆಯ ಕೈಯಲ್ಲಿ ಏನೂ ಇಲ್ಲದ್ದು ಕಂಡು ‘ಮಾಜೀ’ ಎಂದು ಏನೋ ಹೇಳಲು ಹೊರಟವನು, ಅವರ ಕೈಯಲ್ಲಿದ್ದ ತುಂಡನ್ನು ನೋಡಿ ಅರ್ಧಕ್ಕೆ ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಅವನ ಊರಿನಲ್ಲೂ ಹೀಗೇ ಇರಬೇಕು. ಹಿಂದಿನ ಸಾಲಿನವರು ಗೊಣಗಿದರು. ಅತ್ತೆ ಮೊಮ್ಮಗಳ ಬಾಯಿಗೆ ಮೈಸೂರು ಪಾಕು ಇಟ್ಟರು. ತುಂಡು ದೊಡ್ಡದು, ಅವಳಿಗೆ ಮಾತಾಡಲು ಆಗಲಿಲ್ಲ. ಕಣ್ಣಲ್ಲಿ ನೀರು ಬಂತು, ಸಿಹಿಗೋ ಏನೋ.

‘ಬೈ ಅಜ್ಜಿ’ ಎಂದಳು ಹೇಗೋ ನುಂಗಿ.

ಅತ್ತೆ ಕೈ ಬಿಡಲಿಲ್ಲ. ಸುಮ್ಮನೆ ನೋಡಿದರು.

‘ಹೋಗಿ ಬರ್ತೀನಿ ಅಜ್ಜಿ.’

ಆಗ ಬಿಟ್ಟರು.

ನಾವು ಕಾರಿನಲ್ಲಿ ಕೂತು ಇನ್ನೂ ದೊಡ್ಡಬಳ್ಳಾಪುರದ ದಾರಿ ಹಿಡಿದಿರಲಿಲ್ಲ, ಮಗಳ ಫೋನು. ಪೆಟ್ಟಿಗೆ ಕೊಟ್ಟಾಯಿತು, ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು, ತಪಾಸಣೆ ಮುಗಿಯಿತು, ಈಗ ವಿಮಾನ ಹತ್ತುವ ಗೇಟಿನ ಮುಂದೆ ಮೂವರೂ ಕೂತು ಇನ್ನೊಂದು ಕಾಫಿ ಕುಡಿಯುತ್ತಿದ್ದೇವೆ ಎಂದಳು. ನಾನು ಅದನ್ನು ಹಾಗೆಯೇ ಅತ್ತೆಗೆ ಹೇಳಿದೆ. ಅವರು ನೆಟ್ಟಗೆ ಕೂತರು.

‘ಸೀ ತಿಂದ ಮೇಲೆ ಕಾಪಿ ಕುಡುದ್ಲಾ?’

‘ಹೂಂ ಅತ್ತೆ.’

‘ಬಾಯಿ ತೊಳೆದ್ಹೋಯ್ತಲ್ಲೇ ತಾಯಿ! ಕಹಿ ಬಾಯಾಗೆ ಹೊಂಟಂಗಾಯ್ತಲ್ಲ!’

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾರಿನ ಹುಡುಗ ನಕ್ಕೇಬಿಟ್ಟ. ನಮ್ಮವರು ಮಾತ್ರ ನಗಲಿಲ್ಲ. ಅಣ್ಣ ಹೊರಟ ದಿನ ಅವರಿಗೆ ಏಳೆಂಟು ವರ್ಷವಂತೆ. ನೆರೆಮನೆಗೆ ಬೆಲ್ಲ ಕೇಳಲು ಓಡಿದ್ದು ಅವರೇ. ಈ ಮಾತನ್ನು ಅವರು ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಹೇಳಿದ್ದು ಆ ಕಾರಿನಲ್ಲಿ. ಹೇಳಿ, ನನ್ನ ಕೈಯಿಂದ ಫೋನು ತೆಗೆದುಕೊಂಡು ತಾವೇ ಮಗಳಿಗೆ ಮಾಡಿದರು. ‘ಏನಾದ್ರೂ ಸಿಹಿ ತಗೊಂಡು ತಿನ್ನು ಪುಟ್ಟಿ. ಈಗಲೇ. ಕೇಳ್ಬೇಡ ಯಾಕೆ ಅಂತ.’ ಹತ್ತು ನಿಮಿಷಕ್ಕೆ ಅವಳದೇ ಫೋನು ಬಂತು. ಗೇಟಿನ ಎದುರಿನ ಅಂಗಡಿಯಲ್ಲಿ ಪೇಡ ಕೊಂಡಿದ್ದಳು. ‘ಅಜ್ಜಿಗೆ ಕೊಡಿ ಅಪ್ಪಾ’ ಎಂದಳಂತೆ. ಅತ್ತೆ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ಅವಳು ಅಗಿಯುವುದನ್ನು ಕೇಳಿಸಿಕೊಂಡರು. ಆಮೇಲೆ ಶಿರಾ ಬರುವ ತನಕ ಗೊರಕೆ ಹೊಡೆದು ನಿದ್ದೆ ಮಾಡಿದರು.

ಮರು ವರ್ಷ ಬರುತ್ತೇನೆ ಎಂದು ಹೋದವಳು. 2020ರ ಮಾರ್ಚಿನಲ್ಲಿ ಕೊರೋನಾ ಬಂದು ವಿದೇಶದ ನಿಗದಿತ ವಿಮಾನಗಳೆಲ್ಲ ನಿಂತವು. ಪೂರ್ತಿ ಮೊದಲಿನಂತಾದದ್ದು 2022ರ ಮಾರ್ಚ್ ಕೊನೆಗೆ. ನಡುವೆ ವಿಶೇಷ ವಿಮಾನಗಳು ಇದ್ದವು, ಆದರೆ ಅವಳು ಕೆಲಸ ಮಾಡುತ್ತಿದ್ದುದು ಆಸ್ಪತ್ರೆಯಲ್ಲಿ. ಅಂಥ ಹೊತ್ತಿನಲ್ಲಿ ದಾದಿಯರಿಗೆ ರಜೆ ಯಾರು ಕೊಡುತ್ತಾರೆ? ರಾತ್ರಿ ಫೋನು ಮಾಡಿದಾಗ ಮುಖದ ಮೇಲೆ ಮಾಸ್ಕಿನ ಗೆರೆ ಕೆಂಪಗೆ ಕಾಣುತ್ತಿತ್ತು. 2021ರ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ಕೊರೋನಾ ಅಲ್ಲ, ವಯಸ್ಸು. ಮಣ್ಣು ಮಾಡುವುದನ್ನು ಮಗಳು ಫೋನಿನಲ್ಲೇ ನೋಡಿದಳು. ಕೊನೆಯ ದಿನಗಳಲ್ಲಿ ಅತ್ತೆಗೆ ಹಿರೀಮಗ, ಮೊಮ್ಮಗಳು ಇಬ್ಬರೂ ಒಂದೇ ಆಗಿಬಿಟ್ಟಿದ್ದರು. ‘ಬಂದ್ಲಾ?’ ಎಂದು ಒಮ್ಮೆ ಕೇಳುವರು, ‘ಬಂದ್ನಾ?’ ಎಂದು ಇನ್ನೊಮ್ಮೆ.

ಮಗಳು ಬಂದದ್ದು 2023ರ ಕೊನೆಗೆ. ಬಂದ ಮೂರನೆಯ ದಿನ ಬೆಟ್ಟಕ್ಕೆ ಹೋಗಿ ಬಂದಳು. ಏನು ಬೇಡಿಕೊಂಡಳೋ ನಾನು ಕೇಳಲಿಲ್ಲ. ಮರಳಿ ಹೊರಡುವ ವೇಳೆಗೆ ವಿದೇಶದ ವಿಮಾನಗಳೆಲ್ಲ ಹೊಸ ಟರ್ಮಿನಲ್ಲಿಗೆ ಬದಲಾಗಿದ್ದವು. 2022ರ ನವೆಂಬರಿನಲ್ಲಿ ಉದ್ಘಾಟನೆಯಾದದ್ದು. ಕೆಂಪೇಗೌಡರ 108 ಅಡಿ ಎತ್ತರದ ಪ್ರತಿಮೆಯೂ ಅಂದೇ ಅನಾವರಣಗೊಂಡದ್ದು. ಬಿದಿರಿನ ಚಾವಣಿ, ತೂಗುಬಿಟ್ಟ ಗಿಡಗಳು, ತೋಟವೇ ಸರಿ. ಅತ್ತೆ ಇದ್ದಿದ್ದರೆ ಇಷ್ಟು ಗಿಡಕ್ಕೆ ನೀರು ಎಲ್ಲಿಂದ ತರುತ್ತಾರೆ ಎಂದು ಮೊದಲು ಕೇಳುತ್ತಿದ್ದರು.

ಈ ಸಲ ಶೇಂಗಾ ಹೋಳಿಗೆಯನ್ನು ಪೆಟ್ಟಿಗೆಗೆ ಹಾಕದೆ ನನ್ನ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ, ಅತ್ತೆಯ ಅದೇ ಸ್ಟೀಲಿನ ಡಬ್ಬಿಯಲ್ಲಿ. ಬಾಗಿಲ ಹತ್ತಿರ ನಿಂತು ಮುಚ್ಚಳ ತೆಗೆಯಲು ಹೋದೆ. ಮಗಳು ನನ್ನ ಕೈ ತಡೆದಳು.

‘ತಡಿ ಅಮ್ಮಾ. ಮೊದಲು ಕಾಫಿ ಕುಡಿಯೋಣ. ಅದು ಆಮೇಲೆ.’